ಯಾವ ಬೆಳ್ಳಿ ಎಂದು ಮೊದಲು ಕೇಳಿ: ಮುಂಬೈ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ನನ್ನ ಅಕ್ಕನ ಮಗಳು ಮದುವೆಯಾಗಿ ತುಮಕೂರಿನಿಂದ ಡೊಂಬಿವಲಿಗೆ ಬಂದಳು. ಹೊಸ ಮನೆ, ಹೊಸ ಒಲೆ. ಅನ್ನ ಬಸಿಯಲು ಒಂದು ಪಾತ್ರೆ ಬೇಕಿತ್ತು. ಸ್ಟೇಷನ್ ಹತ್ತಿರದ ಪಾತ್ರೆ ಅಂಗಡಿಗೆ ಹೋಗಿ "ಸಿಲ್ವರ್ ಪಾತ್ರೆ ಇದೆಯಾ" ಎಂದು ಹಿಂದಿಯಲ್ಲಿ ಕೇಳಿದಳು. ಅಂಗಡಿಯವರು ಅವಳ ಮುಖ ನೋಡಿ, ಬೀದಿಯ ಆಚೆ ಬದಿಯ ಸರಾಫರ ಅಂಗಡಿಯತ್ತ ಕೈ ತೋರಿಸಿದರು. ಅವಳಿಗೆ ಬೇಕಿದ್ದದ್ದು ಅಲ್ಯೂಮಿನಿಯಂ. ನಮ್ಮ ಕಡೆಯ ಅಡುಗೆಮನೆಗಳಲ್ಲಿ ಅದಕ್ಕೆ ಸಿಲ್ವರ್ ಎನ್ನುವುದು ರೂಢಿ. ಇಲ್ಲಿ ಅದೇ ಪಾತ್ರೆಗೆ ಮರಾಠಿಯವರು "ಜರ್ಮನ್" ಅಥವಾ "ಜರ್ಮಲ್" ಎನ್ನುತ್ತಾರೆ. ಆದರೆ ಪೂಜಾ ಸಾಮಾನಿನ ಅಂಗಡಿಗೆ ಹೋಗಿ "ಜರ್ಮನ್ ಸಿಲ್ವರ್" ಎಂದರೆ ಸಿಗುವುದು ಅಲ್ಯೂಮಿನಿಯಂ ಅಲ್ಲ. ಬೆಳ್ಳಿಯೂ ಅಲ್ಲ.

ಅವತ್ತು ಅವಳಿಗೆ ಏನೂ ನಷ್ಟವಾಗಲಿಲ್ಲ. ನನಗೆ ಒಮ್ಮೆ ಆಗಿತ್ತು, ಅದನ್ನು ಮುಂದೆ ಹೇಳುತ್ತೇನೆ. ಬೆಳ್ಳಿ ವಿಷಯದಲ್ಲಿ ನಾವು ದುಡ್ಡು ಕಳೆದುಕೊಳ್ಳುವುದು ತಕ್ಕಡಿಯಲ್ಲಿ ಕಡಿಮೆ, ಪದದಲ್ಲಿ ಜಾಸ್ತಿ. ಅಂಗಡಿಯವರು ಒಂದು ಅರ್ಥದಲ್ಲಿ ಹೇಳುತ್ತಾರೆ, ನಾವು ಇನ್ನೊಂದು ಅರ್ಥದಲ್ಲಿ ಕೇಳಿಸಿಕೊಳ್ಳುತ್ತೇವೆ. ನಮ್ಮ ಕನ್ನಡ, ಇಲ್ಲಿಯ ಮರಾಠಿ, ಬಜಾರಿನ ಹಿಂದಿ-ಗುಜರಾತಿ, ಬಿಲ್ಲಿನ ಇಂಗ್ಲಿಷ್, ಹೀಗೆ ನಾಲ್ಕು ಭಾಷೆ ಕಲೆಯುವ ಊರಿದು. ಹಾಗಾಗಿ ಬೆಳ್ಳಿ ಕೊಳ್ಳಲು ಹೊರಡುವ ಮೊದಲು ಬೆಳ್ಳಿ ಎಂಬ ಪದವನ್ನೇ ಒಮ್ಮೆ ಉಜ್ಜಿ ನೋಡೋಣ.

ಪದದಿಂದ ಶುರು ಮಾಡಿ

ಕನ್ನಡದಲ್ಲಿ ಬೆಳ್ ಎಂದರೆ ಬಿಳಿ, ಹೊಳಪು. ಬೆಳ್ಳಗೆ, ಬೆಳಕು, ಬೆಳಗು, ಬೆಳ್ಳಕ್ಕಿ, ಬೆಳ್ಳುಳ್ಳಿ, ಬೆಳ್ಳಿ ಎಲ್ಲವೂ ಒಂದೇ ಮನೆಯ ಮಕ್ಕಳು. ಅಂದರೆ ಬೆಳ್ಳಿ ಎಂಬ ಹೆಸರು ಹುಟ್ಟಿದ್ದೇ ಬಣ್ಣದಿಂದ. ಹಾಗಾಗಿ ಬೆಳ್ಳಗೆ ಹೊಳೆಯುವುದಕ್ಕೆಲ್ಲ ಆ ಹೆಸರು ಸುಲಭವಾಗಿ ಅಂಟಿಕೊಳ್ಳುತ್ತದೆ. ಬೆಳ್ಳಗಿರೋದೆಲ್ಲ ಹಾಲಲ್ಲ ಎಂಬ ನಮ್ಮ ಗಾದೆ ಸರಾಫರ ಅಂಗಡಿಯಲ್ಲೂ ನೆನಪಿರಲಿ.

ನಮ್ಮಲ್ಲಿ ಬೆಳ್ಳಿ ಎಂದರೆ ಶುಕ್ರ ಗ್ರಹವೂ ಹೌದು. "ಬೆಳ್ಳಿ ಮೂಡೋ ಹೊತ್ತಿಗೆ ಎದ್ದು ಹೊರಟರು" ಎಂದು ಅಜ್ಜಿ ಹೇಳಿದರೆ ಅದು ಮೂಡಣದ ಬೆಳ್ಳಿಚುಕ್ಕಿಯ ಮಾತು. ತಮಿಳಿನ ವೆಳ್ಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದು ಲೋಹವೂ ಹೌದು, ಶುಕ್ರವಾರವೂ ಹೌದು. ಮಾಟುಂಗಾದ ಹೂವಿನ ಅಂಗಡಿಗಳಲ್ಲಿ ಕಿವಿಗೊಟ್ಟರೆ ಅದೂ ಕೇಳಿಸೀತು. ಸಂಸ್ಕೃತದ ರಜತ ನಮ್ಮಲ್ಲಿ ಊರಿನ ಹೆಸರಾಗಿ ಕೂತಿದೆ. ಮುಂಬೈಗೆ ಇಡ್ಲಿ-ದೋಸೆಯ ರುಚಿ ಹತ್ತಿಸಿದ ಉಡುಪಿಗೆ ರಜತಪೀಠಪುರ ಎಂಬ ಹೆಸರಿದೆ. ಸಂಸ್ಕೃತದಲ್ಲಿ ಬೆಳ್ಳಿಗೆ ಇನ್ನೊಂದು ಪದ ರೂಪ್ಯ. ನಮ್ಮ ಜೇಬಿನ ರೂಪಾಯಿ ಬಂದದ್ದು ಅದರಿಂದ. 16ನೇ ಶತಮಾನದಲ್ಲಿ ಶೇರ್ ಷಾ ಹೊರಡಿಸಿದ ರುಪಿಯಾ ಸುಮಾರು ಹನ್ನೊಂದೂವರೆ ಗ್ರಾಂ ತೂಕದ ಬೆಳ್ಳಿ ನಾಣ್ಯ. ಗೋವಾದ ಕೊಂಕಣಿಯಲ್ಲಿ ಬೆಳ್ಳಿಗೆ ಈಗಲೂ ರುಪೆಂ ಎನ್ನುತ್ತಾರೆ. ಹಳೆಯ ಮರಾಠಿ ಮನೆಗಳಲ್ಲೂ ಆ ಪದ ಉಳಿದಿದೆ. ಅಂಗಡಿಯಲ್ಲಿ ಮಾತ್ರ ಎಲ್ಲ ಕಡೆ ಚಾಂದಿ.

ಹಬ್ಬ-ಸಿನಿಮಾ-ಸಂಘಗಳ ಬೆಳ್ಳಿಗೆ ಲೋಹದ ಗೊಡವೆಯಿಲ್ಲ. ಸಂಘಕ್ಕೆ 25 ವರ್ಷ ತುಂಬಿದರೆ ಬೆಳ್ಳಿಹಬ್ಬ. ಸಿನಿಮಾ 25 ವಾರ ಓಡಿದರೆ ಸಿಲ್ವರ್ ಜುಬಿಲಿ. ಮರಾಠಿಯಲ್ಲಿ "ಚಾಂದೀ ಝಾಲೀ" ಎಂದರೆ ಯಾರಿಗೋ ಒಳ್ಳೆ ಲಾಭ ಆಯಿತು ಎಂದು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದವರು ಸಿಲ್ವರ್ ಎಂದರೆ ಅದು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಮರ. ಹಲ್ಲಿನ ಡಾಕ್ಟರು ಸಿಲ್ವರ್ ಫಿಲ್ಲಿಂಗ್ ಎಂದರೆ ಅದರಲ್ಲಿ ಸುಮಾರು ಅರ್ಧ ಪಾದರಸ. ಬೆಳ್ಳಿ, ತವರ, ತಾಮ್ರ ಉಳಿದರ್ಧದಲ್ಲಿ. ಇವನ್ನೆಲ್ಲ ಬಲ್ಲವರೂ ಎಡವುವುದು ಅಂಗಡಿಯ ಬೆಳ್ಳಿಯಲ್ಲಿ.

ಅಂಗಡಿಯ ಬೆಳ್ಳಿಗಳು

ಎಲ್ಲಕ್ಕಿಂತ ಶುದ್ಧವಾದದ್ದು 999. ಸಾವಿರ ಪಾಲಿನಲ್ಲಿ 999 ಪಾಲು ಬೆಳ್ಳಿ ಎಂದು ಅರ್ಥ. ಲಕ್ಷ್ಮಿ ನಾಣ್ಯ, ಗಟ್ಟಿ, ಬಿಸ್ಕತ್ತು ಇದರಲ್ಲಿ ಬರುತ್ತವೆ. ಇದು ಮೆತ್ತಗಿನ ಲೋಹ. ದಿನ ಬಳಸುವ ಒಡವೆಗೆ ತಾಳುವುದಿಲ್ಲ, ಬಗ್ಗಿಬಿಡುತ್ತದೆ. ಅದಕ್ಕೇ ತಾಮ್ರ ಬೆರೆಸುತ್ತಾರೆ. 925 ಪಾಲು ಬೆಳ್ಳಿ, ಉಳಿದ 75 ಪಾಲು ಹೆಚ್ಚಾಗಿ ತಾಮ್ರ ಇದ್ದರೆ ಅದು ಸ್ಟರ್ಲಿಂಗ್. ಉಂಗುರ, ಓಲೆ, ಈಗಿನ ಫ್ಯಾಷನ್ ಒಡವೆ ಎಲ್ಲ ಸಾಮಾನ್ಯವಾಗಿ ಇದರಲ್ಲಿ. ದೀಪ, ತಟ್ಟೆ, ಬಟ್ಟಲು 925ರಲ್ಲೂ ಸಿಗುತ್ತವೆ, ಅದಕ್ಕಿಂತ ಮೇಲಿನದರಲ್ಲೂ, ಕೆಳಗಿನದರಲ್ಲೂ ಸಿಗುತ್ತವೆ. ನೋಟಕ್ಕೆ ಎಲ್ಲ ಒಂದೇ.

ಕಾಲ್ಗೆಜ್ಜೆಯ ಕಥೆ ಬೇರೆ. ಅದರಲ್ಲಿ ಕೊಂಡಿ-ಕೊಂಡಿಗೂ ಬೆಸುಗೆ. ಬೆಸುಗೆಯಲ್ಲಿ ಬೇರೆ ಲೋಹ ಇರುತ್ತದೆ. ಹಾಗಾಗಿ ಗೆಜ್ಜೆಯ ಒಟ್ಟು ಶುದ್ಧತೆ ತಟ್ಟೆ-ಲೋಟಕ್ಕಿಂತ ಕಡಿಮೆ ಇರುವುದು ಸಾಮಾನ್ಯ. ಮುಂಬೈ-ಪುಣೆಯ ಅಂಗಡಿಗೆ ಗೆಜ್ಜೆ ಬರುವುದು ಕೊಲ್ಹಾಪುರ ಜಿಲ್ಲೆಯ ಹುಪರಿ, ತಮಿಳುನಾಡಿನ ಸೇಲಂ, ಆಗ್ರಾ, ರಾಜಕೋಟ್‌ನಂಥ ಊರುಗಳಿಂದ. ಹುಪರಿ ನಮ್ಮ ಬೆಳಗಾವಿ ಜಿಲ್ಲೆಯ ಗಡಿಗೆ ಹತ್ತಿರ. ಮನೆ ಮನೆಯಲ್ಲಿ ಬೆಳ್ಳಿ ಕೆಲಸ ನಡೆಯುವ ಊರು ಅದು.

ಇನ್ನು ಬೆಳ್ಳಿಯಲ್ಲದ ಬೆಳ್ಳಿಗಳು. ಜರ್ಮನ್ ಸಿಲ್ವರ್ ಎಂದರೆ ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಅದರಲ್ಲಿ ಬೆಳ್ಳಿ ಒಂದು ಗುಲಗಂಜಿಯಷ್ಟೂ ಇಲ್ಲ. ಅರಿಶಿನ-ಕುಂಕುಮದ ಬಟ್ಟಲು, ತಾಂಬೂಲದ ತಟ್ಟೆ, ಹೂಬುಟ್ಟಿ ಹೀಗೆ ಮದುವೆಯಲ್ಲಿ ಹಂಚಲು ಚೆನ್ನಾದ ವಸ್ತು. ಅದನ್ನು ಅದೇ ಹೆಸರಿನಲ್ಲಿ, ಅದರ ಬೆಲೆಗೆ ಕೊಂಡರೆ ಏನೂ ತಪ್ಪಿಲ್ಲ. ಸಿಲ್ವರ್ ಕೋಟೆಡ್, ಸಿಲ್ವರ್ ಪ್ಲೇಟೆಡ್ ಎಂದರೆ ಹಿತ್ತಾಳೆ ಅಥವಾ ತಾಮ್ರದ ಮೇಲೆ ಬೆಳ್ಳಿಯ ತೆಳುವಾದ ಲೇಪ. ಉಜ್ಜಿದಷ್ಟೂ ಅದು ಹೋಗುತ್ತದೆ. ಆಕ್ಸಿಡೈಸ್ಡ್ ಎಂಬ ಪದ ಜನರನ್ನು ತುಂಬಾ ಗೊಂದಲಕ್ಕೆ ಹಾಕುತ್ತದೆ. ಅದು ಲೋಹದ ಹೆಸರಲ್ಲ, ಬೇಕೆಂದೇ ಕೊಟ್ಟ ಕಪ್ಪು ಬಣ್ಣದ ಹೆಸರು. ನಿಜವಾದ ಬೆಳ್ಳಿಯನ್ನೂ ಹಾಗೆ ಕಪ್ಪು ಮಾಡುತ್ತಾರೆ, ಹಿತ್ತಾಳೆಯನ್ನೂ ಮಾಡುತ್ತಾರೆ. ಕೊಲಾಬಾದ ಬೀದಿಬದಿಯಲ್ಲಿ ನೂರು ರೂಪಾಯಿಗೆ ಸಿಗುವ ಆಕ್ಸಿಡೈಸ್ಡ್ ಜುಮಕಿ ಬೆಳ್ಳಿಯಲ್ಲ ಎಂದು ಬೇರೆ ಹೇಳಬೇಕಿಲ್ಲ. ಹಿರಿಯರು ಹೇಳುವ ಎವರ್‌ಸಿಲ್ವರ್ ಬರೀ ಸ್ಟೀಲು.

ಅಂಗಡಿಗೆ ಹೋದಾಗ

ಮನೆ ಬಿಡುವ ಮುಂಚೆ ಅವತ್ತಿನ ದರ ನೋಡಿಕೊಳ್ಳಿ. ಚಿನ್ನದ ದರ ಹತ್ತು ಗ್ರಾಂಗೆ ಹೇಳಿದರೆ ಬೆಳ್ಳಿಯದ್ದು ಕಿಲೋಗೆ ಹೇಳುತ್ತಾರೆ. ಮೂರು ಸೊನ್ನೆ ತೆಗೆದರೆ ಗ್ರಾಂ ದರ. ಆ ದರ 999ರದ್ದು ಎಂಬುದು ಮುಖ್ಯ.

ಎಲ್ಲಿಗೆ ಹೋಗುವುದು? ಮುಂಬೈಯಲ್ಲಿ ಮುಂಬಾದೇವಿ ಗುಡಿಯ ಪಕ್ಕದ ಝವೇರಿ ಬಜಾರ್‌ನಲ್ಲಿ ಆಯ್ಕೆ ಜಾಸ್ತಿ, ಜನಸಂದಣಿಯೂ ಜಾಸ್ತಿ. ಪುಣೆಯವರಿಗೆ ಲಕ್ಷ್ಮೀ ರಸ್ತೆ, ರವಿವಾರ ಪೇಟೆ ಇವೆ. ಪೂಜೆಯ ಚಿಕ್ಕಪುಟ್ಟ ಸಾಮಾನಿಗೆ ತುಳಶೀಬಾಗ್ ಇದೆ. ಆದರೆ ತುಳಶೀಬಾಗ್‌ನಲ್ಲಿ ಬೆಳ್ಳಿಯೂ ಬೆಳ್ಳಿಯಂತೆ ಕಾಣುವುದೂ ಅಕ್ಕಪಕ್ಕ ಕೂತಿರುತ್ತವೆ. ಗೋವಾದವರಿಗೆ ಪಣಜಿ, ಮಡಗಾಂವ್, ಮಾಪ್ಸಾದ ಸೊನಾರರ ಅಂಗಡಿಗಳಿವೆ. ಗೋವಾದ ಬೆಳ್ಳಿ ಕೆಲಸಕ್ಕೆ ದೊಡ್ಡ ಹೆಸರಿದೆ. ಹಳೆ ಗೋವಾದ ಬೊಮ್ ಜೀಸಸ್ ಇಗರ್ಜಿಗೆ ಹೋದರೆ, ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ದೇಹ ಇರಿಸಿದ ಬೆಳ್ಳಿಯ ಪೆಟ್ಟಿಗೆಯನ್ನು ನಿಂತು ನೋಡಿ. 1636-37ರಲ್ಲಿ ಗೋವಾದ ಅಕ್ಕಸಾಲಿಗರೇ ಮಾಡಿದ್ದು.

ಧನತ್ರಯೋದಶಿಯ ದಿನ ಹೋಗಬೇಡಿ. ಅವತ್ತು ಅಂಗಡಿಯವರಿಗೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡುವಷ್ಟು ಪುರುಸೊತ್ತಿರುವುದಿಲ್ಲ. ಎರಡು ವಾರ ಮುಂಚೆ ಕೊಂಡು, ಹಬ್ಬದ ದಿನ ದೇವರ ಮುಂದೆ ಇಟ್ಟರೆ ಸಾಕು.

ವಸ್ತುವಿನ ಹೆಸರು ಮರಾಠಿಯಲ್ಲಿ ಗೊತ್ತಿದ್ದರೆ ಮಾತು ಹಗುರ. ನಮ್ಮ ಕಾಲುಂಗುರ ಇಲ್ಲಿ ಜೋಡವೀ. ಕಾಲ್ಗೆಜ್ಜೆ ಪೈಂಜಣ್. ಮಗುವಿನ ಕಾಲ್ಗಡಗ ವಾಳೇ. ಉಡಿದಾರ ಕರ್ದೋಟಾ. ಬಟ್ಟಲು ವಾಟೀ. ಆರತಿಯ ಹಣತೆ ನಿರಾಂಜನ್, ಎತ್ತರದ ದೀಪದ ಕಂಬ ಸಮಈ. ಕುಂಕುಮ ಭರಣಿಗೆ ಕರಂಡಾ. ಪಂಚಪಾತ್ರೆ-ಉದ್ಧರಣೆಗೆ ಪಳೀ-ಪಂಚಪಾತ್ರ. ಲಿಂಗಾಯತರ ಮನೆಯವರು ಕೇಳುವ, ಇಷ್ಟಲಿಂಗ ಇಡುವ ಬೆಳ್ಳಿ ಕರಡಿಗೆ ಮಾತ್ರ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಸೊಲ್ಲಾಪುರ, ವಿಜಯಪುರ, ಕಲಬುರಗಿ ಕಡೆಯಿಂದ ತರಿಸಿಕೊಳ್ಳುವುದು ಒಳ್ಳೆಯದು.

ಈಗ ಕೇಳಬೇಕಾದ ಪ್ರಶ್ನೆಗಳು. ಒಂದೊಂದಾಗಿ, ಸಮಾಧಾನವಾಗಿ ಕೇಳಿ.

"ಟಂಚ್ ಕಿತೀ?" ಟಂಚ್ ಎಂದರೆ ಬಜಾರಿನ ಭಾಷೆಯಲ್ಲಿ ಶುದ್ಧತೆ. ನೂರಕ್ಕೆ ಲೆಕ್ಕ. 92.5 ಟಂಚ್ ಎಂದರೆ 925. "ಚೊಕ್ಕ ಬೆಳ್ಳಿ", "ಪ್ಯೂರ್ ಸಿಲ್ವರ್" ಎಂಬ ಉತ್ತರ ಬಂದರೆ ಅದು ಉತ್ತರವಲ್ಲ. ಅಂಕಿ ಬೇಕು.

"ಭರೀವ್ ಕೀ ಪೋಕಳ್?" ಗಟ್ಟಿಯೋ ಟೊಳ್ಳೋ. ದೇವರ ಮೂರ್ತಿಗಳಲ್ಲಿ ಇದನ್ನು ಕೇಳಲೇಬೇಕು. ಕೆಲವು ಮೂರ್ತಿಗಳ ಹೊರಗೆ ಬೆಳ್ಳಿ ತಗಡು, ಒಳಗೆ ಅರಗು ಅಥವಾ ಬೇರೇನೋ ತುಂಬಿರುತ್ತಾರೆ. ಅಂಥದ್ದನ್ನು ತೂಕದ ಮೇಲೆ ಕೊಂಡರೆ ಅರಗಿಗೂ ಬೆಳ್ಳಿ ದರ ಕೊಟ್ಟಂತೆ.

"ಮಜುರೀ ಕಿತೀ?" ಮಜುರೀ, ಘಡಣಾವಳ್ ಎರಡೂ ಮಾಡುವ ಕೂಲಿ. ಗ್ರಾಂಗೆ ಇಷ್ಟು ಎಂದೋ ಶೇಕಡಾ ಇಷ್ಟು ಎಂದೋ ಹೇಳುತ್ತಾರೆ. ಬೆಳ್ಳಿಯಲ್ಲಿ ಲೋಹದ ಬೆಲೆಗೆ ಹೋಲಿಸಿದರೆ ಕೂಲಿ ಚಿನ್ನಕ್ಕಿಂತ ಜಾಸ್ತಿ ಬೀಳುತ್ತದೆ. ಚಿಕ್ಕ, ನಾಜೂಕಿನ ವಸ್ತುವಿಗೆ ಇನ್ನೂ ಜಾಸ್ತಿ.

"ಪರತ್ ಘೇತಾನಾ ಕಾಯ್ ಭಾವ್?" ವಾಪಸ್ ಕೊಟ್ಟರೆ ಯಾವ ದರ. ಹಳೆಯದನ್ನು ಮುರಿಯಲು ಕೊಡುವುದಕ್ಕೆ ಇಲ್ಲಿ "ಮೋಡ್" ಎನ್ನುತ್ತಾರೆ. ಆಗ ಕೂಲಿ ಸಿಗುವುದಿಲ್ಲ. "ಘಟ್" ಎಂದು ಸವಕಳಿ ಕಳೆಯುತ್ತಾರೆ. ಗೆಜ್ಜೆಯಲ್ಲಿ ಬೆಸುಗೆಯ ಲೆಕ್ಕವೂ ಕಳೆಯುತ್ತದೆ. ಎಷ್ಟು ಕಳೆಯುತ್ತಾರೆ ಎಂಬುದನ್ನು ಕೊಳ್ಳುವ ದಿನವೇ ಬರೆಸಿಕೊಳ್ಳಿ.

ಇಲ್ಲೊಂದು ಲೆಕ್ಕ ಮಾಡಿ ತೋರಿಸುತ್ತೇನೆ. ಸುಲಭವಾಗಲಿ ಎಂದು ಕಿಲೋಗೆ 1 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ನಿಜವಾದ ದರ ನೀವು ಅವತ್ತಿನದ್ದು ಹಾಕಿಕೊಳ್ಳಿ. ಗ್ರಾಂಗೆ 100 ಆಯಿತು. ನೀವು 200 ಗ್ರಾಂನ 925 ದೀಪ ನೋಡುತ್ತಿದ್ದೀರಿ. 200 ಗುಣಿಸು 100 ಅಂದರೆ 20,000. ಇದು 999ರ ಬೆಲೆ. 925ಕ್ಕೆ ಆಗಬೇಕಾದದ್ದು 18,500. ಅಂಗಡಿಯವರು 20,000 ಹಾಕಿ, ಅದರ ಮೇಲೆ ಕೂಲಿಯನ್ನೂ ಹಾಕಿದರೆ, ನೀವು 15 ಗ್ರಾಂ ತಾಮ್ರಕ್ಕೆ ಬೆಳ್ಳಿ ದರ ಕೊಡುತ್ತಿದ್ದೀರಿ. ಕೆಲವರು "ಕೂಲಿ ಇಲ್ಲ" ಎಂದು ಹೇಳಿ ಹೀಗೆ ಹಾಕುತ್ತಾರೆ. ಅದು ಒಪ್ಪಿಗೆಯಾದರೆ ಸರಿ, ಆದರೆ ಗೊತ್ತಿದ್ದು ಒಪ್ಪಬೇಕು ಅಲ್ವಾ? ಕೊನೆಗೆ ಜಿಎಸ್‌ಟಿ ಶೇಕಡಾ 3.

ಹಾಲ್‌ಮಾರ್ಕ್ ಇರುವುದನ್ನೇ ಆರಿಸಿ. ಬೆಳ್ಳಿಗೆ ಹಾಲ್‌ಮಾರ್ಕ್ ಚಿನ್ನದ ಹಾಗೆ ಕಡ್ಡಾಯ ಆಗಿಲ್ಲ, ಹಾಗಾಗಿ ನಾವೇ ಕೇಳಬೇಕು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಎಚ್‌ಯುಐಡಿ ಬಂದಿದೆ. ಅಕ್ಷರ-ಅಂಕಿ ಸೇರಿ ಆರು ಮನೆಯ ಗುರುತು, ಒಂದೊಂದು ವಸ್ತುವಿಗೆ ಒಂದೊಂದು. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಜೊತೆ ಸಿಲ್ವರ್ ಎಂಬ ಪದ, ಆಮೇಲೆ 925, 990ರಂಥ ಶುದ್ಧತೆಯ ಅಂಕಿ, ಆಮೇಲೆ ಈ ಎಚ್‌ಯುಐಡಿ ಕೆತ್ತಿರುತ್ತಾರೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಆರು ಮನೆ ಹಾಕಿದರೆ ವಸ್ತುವಿನ ವಿವರ ಬರುತ್ತದೆ. ಅಂಗಡಿಯಲ್ಲೇ ನಿಂತು ನೋಡಿ. ಸಂಕೋಚ ಬೇಡ. ಬರೀ 925 ಎಂಬ ಅಚ್ಚು ಇದ್ದರೆ ಅದು ಹಾಲ್‌ಮಾರ್ಕ್ ಅಲ್ಲ. ಆ ಮೂರು ಅಂಕಿಯನ್ನು ಯಾರು ಬೇಕಾದರೂ ಒತ್ತಬಹುದು.

ಬಿಲ್ಲನ್ನು ಓದಿ

ಈಗ ನನ್ನ ವಿಷಯ. ತಮ್ಮನ ಮಗಳ ನಾಮಕರಣಕ್ಕೆ ಒಂದು ಬೆಳ್ಳಿ ಬಟ್ಟಲು ತಂದಿದ್ದೆ. ನೋಡಲು ಚಂದವಿತ್ತು. ಅಂಚಿಗೆ ಮಾವಿನೆಲೆಯ ಕೆತ್ತನೆ. "ಸಿಲ್ವರ್" ಎಂದು ಕೇಳಿದೆ, "ಹೌದು ಸಿಲ್ವರ್" ಎಂದರು. ಮಗುವಿಗೆ ಅದರಲ್ಲೇ ಅನ್ನ ತಿನ್ನಿಸಿದರು. ವರ್ಷ ಕಳೆಯುವಷ್ಟರಲ್ಲಿ ತಳ ಹಳದಿ ಬಣ್ಣಕ್ಕೆ ತಿರುಗಿತು. ಬೆಳ್ಳಿ ಕಪ್ಪಾಗುತ್ತದೆ, ಬೇಕಾದರೆ ಕಂದಾಗುತ್ತದೆ, ಆದರೆ ಸವೆದ ಜಾಗದಲ್ಲಿ ಹಿತ್ತಾಳೆಯ ಹಳದಿ ಬರುವುದಿಲ್ಲ. ಬಿಲ್ ಹುಡುಕಿ ತೆಗೆದೆ. ವಸ್ತುವಿನ ಹೆಸರಿನ ಮುಂದೆ "ವೈಟ್ ಮೆಟಲ್" ಎಂದು ಬರೆದಿತ್ತು. ಬಿಲ್ಲಿನಲ್ಲಿ ಅವರು ಸುಳ್ಳು ಬರೆದಿರಲಿಲ್ಲ. ಓದದೆ ಮಡಿಚಿ ಪರ್ಸಿಗೆ ಹಾಕಿಕೊಂಡವಳು ನಾನು. ಮಗುವಿಗೆ ಕೊಟ್ಟ ವಸ್ತು ಅದು ಎಂಬ ಬೇಸರ ಈಗಲೂ ಹೋಗಿಲ್ಲ.

ಅದಕ್ಕೇ ಹೇಳುವುದು. ಬಿಲ್ಲಿನಲ್ಲಿ ಸಿಲ್ವರ್ ಎಂದಿರಬೇಕು. ಅದರ ಪಕ್ಕ ಶುದ್ಧತೆಯ ಅಂಕಿ ಇರಬೇಕು. ತೂಕ, ಅವತ್ತಿನ ದರ, ಕೂಲಿ, ಜಿಎಸ್‌ಟಿ ಬೇರೆ ಬೇರೆ ಸಾಲಿನಲ್ಲಿರಬೇಕು. ವೈಟ್ ಮೆಟಲ್, ಗಿಫ್ಟ್ ಆರ್ಟಿಕಲ್, ಎಸ್‌ಪಿ (ಅಂದರೆ ಸಿಲ್ವರ್ ಪ್ಲೇಟೆಡ್), ಸಿಲ್ವರ್ ಫಿನಿಶ್, ಇಂಥ ಪದ ಕಂಡರೆ ನಿಲ್ಲಿಸಿ ಕೇಳಿ. "ಬಿಲಾವರ್ ಚಾಂದೀ ಲಿಹಾ, ಟಂಚ್ ಪಣ್ ಲಿಹಾ" ಎಂದರೆ ಸಾಕು. ಬರೆದುಕೊಡಲು ಹಿಂದೆಮುಂದೆ ನೋಡಿದರೆ ವಸ್ತುವನ್ನು ಗಾಜಿನ ಮೇಲೆ ಇಟ್ಟು ಎದ್ದು ಬನ್ನಿ.

ಮನೆಯಲ್ಲಿರುವುದನ್ನು ಪರೀಕ್ಷಿಸುವುದು ಹೇಗೆ

ಅಜ್ಜಿಯ ಪೆಟ್ಟಿಗೆಯಿಂದ ಬಂದದ್ದಕ್ಕೆ, ಉಡುಗೊರೆಗೆ ಬಂದದ್ದಕ್ಕೆ ಬಿಲ್ ಇರುವುದಿಲ್ಲ. ಅಯಸ್ಕಾಂತ ಹಿಡಿದು ನೋಡಿ ಎಂದು ಎಲ್ಲರೂ ಹೇಳುತ್ತಾರೆ. ಅಂಟಿಕೊಂಡರೆ ಬೆಳ್ಳಿಯಲ್ಲ, ಅದು ನಿಜ. ಆದರೆ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಕೂಡ ಅಂಟುವುದಿಲ್ಲ. ಮಂಜುಗಡ್ಡೆ ಇಟ್ಟು ನೋಡುವುದೂ ಅಷ್ಟೇ. ಲೋಹಗಳಲ್ಲಿ ಶಾಖವನ್ನು ಎಲ್ಲಕ್ಕಿಂತ ಚೆನ್ನಾಗಿ ಸಾಗಿಸುವುದು ಬೆಳ್ಳಿ, ಹಾಗಾಗಿ ಮಂಜು ಬೇಗ ಕರಗುತ್ತದೆ. ತಾಮ್ರ ಬೆಳ್ಳಿಯ ಬೆನ್ನಲ್ಲೇ ಇದೆ. ಕಣ್ಣಿಗೆ ವ್ಯತ್ಯಾಸ ತಿಳಿಯದು.

ನನಗೆ ನಂಬಿಕೆ ಬಂದದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಪರೀಕ್ಷೆ. ಆ ಬಟ್ಟಲನ್ನೇ ಇಟ್ಟುಕೊಂಡು ಮಾಡಿದ್ದನ್ನು ಹೇಳುತ್ತೇನೆ. ಮೊದಲು ಒಣ ಬಟ್ಟಲನ್ನು ತೂಗಿದೆ. 208 ಗ್ರಾಂ. ಆಮೇಲೆ ತಕ್ಕಡಿಯ ಮೇಲೆ ಅಗಲವಾದ ಪ್ಲಾಸ್ಟಿಕ್ ಡಬ್ಬಿ ಇಟ್ಟು, ಮುಕ್ಕಾಲು ಭಾಗ ನೀರು ತುಂಬಿ, ತಕ್ಕಡಿಯನ್ನು ಸೊನ್ನೆಗೆ ತಂದೆ. ಬಟ್ಟಲಿಗೆ ಹೊಲಿಗೆಯ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗುವ ಹಾಗೆ ಇಳಿಬಿಟ್ಟೆ. ತಳಕ್ಕೆ ತಾಗಬಾರದು, ಬದಿಗೂ ತಾಗಬಾರದು, ಗಾಳಿಗುಳ್ಳೆ ಕೂತಿರಬಾರದು. ದಾರ ಕೈಯಲ್ಲೇ ಇರಬೇಕು. ಆಗ ತಕ್ಕಡಿ ತೋರಿಸುವ ಅಂಕಿ ಆ ಬಟ್ಟಲು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಣ ತೂಕವನ್ನು ಆ ಅಂಕಿಯಿಂದ ಭಾಗಿಸಿ. ಶುದ್ಧ ಬೆಳ್ಳಿಗೆ ಹತ್ತೂವರೆ ಹತ್ತಿರ ಬರುತ್ತದೆ, ಸರಿಯಾಗಿ ಹೇಳಬೇಕೆಂದರೆ 10.49. 925ಕ್ಕೆ 10.3ರ ಆಸುಪಾಸು. ಹಿತ್ತಾಳೆ, ಜರ್ಮನ್ ಸಿಲ್ವರ್ ಎಂಟೂವರೆ ಆಸುಪಾಸಿನಲ್ಲೇ ನಿಲ್ಲುತ್ತವೆ. ನನ್ನ ಬಟ್ಟಲು ಬೆಳ್ಳಿಯಾಗಿದ್ದರೆ ತಕ್ಕಡಿ 20 ತೋರಿಸಬೇಕಿತ್ತು. ಅದು 24 ತೋರಿಸಿತು.

ಉಂಗುರ, ಕಾಲುಂಗುರದಂಥ ಹಗುರ ವಸ್ತುವಿಗೆ ಅಡುಗೆಮನೆಯ ತಕ್ಕಡಿ ಸಾಲದು. ಟೊಳ್ಳು ವಸ್ತುವಿಗೆ, ಅರಗು ತುಂಬಿದ್ದಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಅಂಥದ್ದನ್ನು ಝವೇರಿ ಬಜಾರ್‌ನ ಟಂಚ್ ನೋಡುವವರ ಹತ್ತಿರವೋ ಹಾಲ್‌ಮಾರ್ಕಿಂಗ್ ಕೇಂದ್ರಕ್ಕೋ ಒಯ್ಯಿರಿ. ಎಕ್ಸ್‌ರೇ ಯಂತ್ರದಲ್ಲಿ ಇಟ್ಟು ಕೆಲವೇ ನಿಮಿಷದಲ್ಲಿ ಹೇಳುತ್ತಾರೆ. ಯಂತ್ರ ನೋಡುವುದು ಮೇಲ್ಮೈಯನ್ನು ಮಾತ್ರ. ದಪ್ಪ ಲೇಪ ಇರಬಹುದು ಎಂಬ ಅನುಮಾನ ಇದ್ದರೆ ಅದನ್ನು ಮೊದಲೇ ಹೇಳಿ.

ಹಳೆಯ ರೂಪಾಯಿ, ಹಳೆಯ ಜರಿ

ಅಜ್ಜಿಯ ಪೆಟ್ಟಿಗೆಯಲ್ಲಿ ರಾಣಿ ಛಾಪಿನ, ರಾಜನ ಛಾಪಿನ ರೂಪಾಯಿ ಇದ್ದರೆ ಮೊದಲು ವರ್ಷ ಓದಿ. ಬ್ರಿಟಿಷರ ಕಾಲದ ರೂಪಾಯಿಯ ತೂಕ 11.66 ಗ್ರಾಂ. ಒಂದು ತೊಲ ಎಂದರೂ ಅಷ್ಟೇ ತೂಕ. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ಸುಮಾರು 10.69 ಗ್ರಾಂ. ಎರಡನೇ ಮಹಾಯುದ್ಧದ ಹೊತ್ತಿಗೆ ಬೆಳ್ಳಿ ಸಾಲದೆ ಬಂತು. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. ತೂಕ ಅದೇ, ಬೆಳ್ಳಿ ಮಾತ್ರ 5.83 ಗ್ರಾಂ. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಹೆಸರಿನಲ್ಲೇ ಬೆಳ್ಳಿ ಇಟ್ಟುಕೊಂಡಿದ್ದ ನಾಣ್ಯದಿಂದ ಬೆಳ್ಳಿ ಹೋದದ್ದು ಹೀಗೆ. ಮುರಿಯಲು ಕೊಡುವ ಮುಂಚೆ ನಾಣ್ಯ ಸಂಗ್ರಹಿಸುವವರಿಗೆ ಒಮ್ಮೆ ತೋರಿಸಿ. ಕೆಲವು ವರ್ಷದ ನಾಣ್ಯಕ್ಕೆ ಬೆಳ್ಳಿಗಿಂತ ಜಾಸ್ತಿ ಬೆಲೆ ಇದೆ. ಪಾಲಿಷ್ ಮಾಡಲು ಹೋಗಬೇಡಿ, ಉಜ್ಜಿದ ನಾಣ್ಯಕ್ಕೆ ಆ ಬೆಲೆ ಬರುವುದಿಲ್ಲ.

ಹಳೆಯ ರೇಷ್ಮೆ ಸೀರೆಯ ಜರಿಯಲ್ಲೂ ಬೆಳ್ಳಿ ಇದೆ. ಅಸಲಿ ಜರಿ ಎಂದರೆ ರೇಷ್ಮೆ ನೂಲಿಗೆ ಬೆಳ್ಳಿಯ ತೆಳು ಎಳೆ ಸುತ್ತಿ, ಮೇಲೆ ಚಿನ್ನದ ನೀರು ಕೊಟ್ಟದ್ದು. ಸೊಸೈಟಿಯ ಗೇಟಿಗೆ "ಹಳೇ ಜರಿ ಸೀರೆ" ಎಂದು ಬರುವವರಿಗೆ ಕೊಡುವ ಮುಂಚೆ ಒಂದು ಎಳೆ ಬಿಡಿಸಿ ಕೆರೆದು ನೋಡಿ. ಒಳಗೆ ಬಿಳಿ ಕಂಡರೆ ಬೆಳ್ಳಿ. ಕೆಂಪಗಿನ ಲೋಹ ಕಂಡರೆ ತಾಮ್ರ. ಬೆಂಕಿಗೆ ಹಿಡಿದಾಗ ಕರಗಿ ಮುದ್ದೆಯಾದರೆ ಪ್ಲಾಸ್ಟಿಕ್. ಹಳೆಯ ಸೀರೆ ಎಂದು ಸ್ಟೀಲ್ ಪಾತ್ರೆಗೆ ಬದಲು ಕೊಟ್ಟುಬಿಟ್ಟರೆ ಅದರೊಳಗಿನ ಬೆಳ್ಳಿಯೂ ಜೊತೆಗೆ ಹೋಗುತ್ತದೆ.

ತಿನ್ನುವ ಬೆಳ್ಳಿಯ ಬಗ್ಗೆ ಎರಡೇ ಮಾತು. ಕಾಜೂ ಕತ್ಲಿ, ಬರ್ಫಿಯ ಮೇಲಿನ ವರಖ್ 999 ಶುದ್ಧತೆಯ ಬೆಳ್ಳಿಯೇ ಆಗಿರಬೇಕು, ಅದನ್ನು ತಯಾರಿಸುವಾಗ ಪ್ರಾಣಿಜನ್ಯ ಯಾವುದನ್ನೂ ಬಳಸಬಾರದು ಎಂದು ಆಹಾರ ಸುರಕ್ಷತೆಯ ನಿಯಮವಿದೆ. ಎರಡು ಬೆರಳ ನಡುವೆ ಉಜ್ಜಿ ನೋಡಿ. ಬೆಳ್ಳಿ ಪುಡಿಯಾಗಿ ಮಾಯವಾಗುತ್ತದೆ. ಅಲ್ಯೂಮಿನಿಯಂ ಚೂರು ಚೂರಾಗಿ ಬೆರಳಲ್ಲೇ ಉಳಿಯುತ್ತದೆ.

ತೊಳೆಯುವುದು, ಇಡುವುದು

ಬೆಳ್ಳಿ ಕಪ್ಪಾದರೆ ನಕಲಿ ಎಂದು ಹೆದರುವವರಿದ್ದಾರೆ. ಅದು ಉಲ್ಟಾ. ಗಾಳಿಯಲ್ಲಿನ ಗಂಧಕದ ಅಂಶ ಬೆಳ್ಳಿಗೆ ತಾಗಿ ಕಪ್ಪು ಪದರ ಕಟ್ಟುತ್ತದೆ. ಮುಂಬೈಯಲ್ಲಿ ಖಾಡಿಯ (ಸಮುದ್ರದ ಹಿನ್ನೀರಿನ) ಗಾಳಿ, ಚರಂಡಿ, ವಾಹನದ ಹೊಗೆ, ಮಳೆಗಾಲದ ತೇವ ಎಲ್ಲ ಸೇರಿ ಊರಿಗಿಂತ ಬೇಗ ಕಪ್ಪಾಗುತ್ತದೆ. ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ತಾಗಿದರೂ ಹಾಗೆ. ಬೆಳ್ಳಿಗೂ ಬೆಳ್ಳುಳ್ಳಿಗೂ ಹುಟ್ಟುಪದ ಒಂದೇ, ಆದರೆ ತಟ್ಟೆಯಲ್ಲಿ ಅವೆರಡಕ್ಕೆ ಕೂಡಿಬರುವುದಿಲ್ಲ.

ತೆಳುವಾಗಿ ಮಾಸಿದ್ದರೆ ವಿಭೂತಿ ಸಾಕು. ನುಣ್ಣಗಿನ ವಿಭೂತಿಯನ್ನು ಒದ್ದೆ ಹತ್ತಿಬಟ್ಟೆಗೆ ಹಚ್ಚಿ, ಕೆತ್ತನೆಯ ಉದ್ದಕ್ಕೆ ಮೆಲ್ಲಗೆ ಉಜ್ಜಿ, ನೀರಿನಲ್ಲಿ ತೊಳೆದು, ಕೂಡಲೇ ಒರೆಸಿ. ನಮ್ಮಮ್ಮ ಮಾಡುತ್ತಿದ್ದದ್ದು ಇಷ್ಟೇ. ಅವರ ದೀಪಗಳು ಇವತ್ತಿಗೂ ಹೊಳೆಯುತ್ತವೆ. ರಂಗೋಲಿ ಪುಡಿ, ಪಾತ್ರೆ ತೊಳೆಯುವ ಸ್ಕ್ರಬರ್ ಬೇಡ, ಗೀರು ಬೀಳುತ್ತದೆ. ಹಲ್ಲುಪುಡಿಯೂ ಬೇಡ. ಹುಣಸೆಹಣ್ಣು ಹಿತ್ತಾಳೆ-ತಾಮ್ರಕ್ಕೆ ಇರಲಿ.

ಪೂರ್ತಿ ಕಪ್ಪಾಗಿದ್ದರೆ ಹೀಗೆ ಮಾಡಿ. ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ. ಅದರ ಮೇಲೆ ಬೆಳ್ಳಿ ಸಾಮಾನು ಇಡಿ, ಫಾಯಿಲ್‌ಗೆ ತಾಗಿರಬೇಕು. ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡಾ, ಒಂದು ಚಮಚ ಉಪ್ಪು ಕಲಸಿ ಮೇಲಿಂದ ಸುರಿಯಿರಿ. ಸಣ್ಣ ಗುಳ್ಳೆ ಏಳುತ್ತವೆ, ಕೊಳೆತ ಮೊಟ್ಟೆಯ ಮಂದ ವಾಸನೆ ಬರುತ್ತದೆ, ಕಿಟಕಿ ತೆಗೆದಿಡಿ. ಕಣ್ಣೆದುರೇ ಕಪ್ಪು ಕರಗುತ್ತಾ ಹೋಗುತ್ತದೆ. ಬೆಳ್ಳಿಗೆ ಅಂಟಿದ್ದ ಗಂಧಕವನ್ನು ಅಲ್ಯೂಮಿನಿಯಂ ತನ್ನ ಕಡೆ ಎಳೆದುಕೊಳ್ಳುತ್ತದೆ. ಉಜ್ಜುವಾಗ ಸವೆಯುವ ಬೆಳ್ಳಿ ಇಲ್ಲಿ ಸವೆಯುವುದಿಲ್ಲ. ನಾವು ಸಿಲ್ವರ್ ಎಂದು ತಪ್ಪಾಗಿ ಕರೆಯುವ ಆ ಲೋಹವೇ ನಿಜವಾದ ಬೆಳ್ಳಿಯನ್ನು ಬೆಳಗಿಕೊಡುತ್ತದೆ. ಹತ್ತು ನಿಮಿಷದ ಮೇಲೆ ತೆಗೆದು, ಒಳ್ಳೆ ನೀರಿನಲ್ಲಿ ತೊಳೆದು, ಒರೆಸಿ.

ಮುತ್ತು, ಕಲ್ಲು ಕೂರಿಸಿದ್ದನ್ನು, ಅರಗು ತುಂಬಿದ್ದನ್ನು ಆ ನೀರಿಗೆ ಹಾಕಬೇಡಿ. ಆಕ್ಸಿಡೈಸ್ಡ್ ಒಡವೆಯನ್ನು ಅಂತೂ ಹಾಕಲೇಬೇಡಿ. ಅಕ್ಕಸಾಲಿಗರು ಬೇಕೆಂದೇ ಕೊಟ್ಟ ಕಪ್ಪು ಹೋಗಿ, ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ.

ತೆಗೆದಿಡುವಾಗ ರಬ್ಬರ್ ಬ್ಯಾಂಡ್ ಹಾಕಬೇಡಿ. ರಬ್ಬರಿನಲ್ಲಿ ಗಂಧಕ ಇದೆ, ಹಾಕಿದಲ್ಲಿ ಕಪ್ಪು ಗೆರೆ ಬೀಳುತ್ತದೆ. ಉಣ್ಣೆ ಬಟ್ಟೆಯೂ ಬೇಡ. ಪೂರ್ತಿ ಒಣಗಿದ ಮೇಲೆ ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಒಂದೊಂದನ್ನು ಬೇರೆ ಬೇರೆ ಜಿಪ್ ಕವರಿನಲ್ಲಿ ಹಾಕಿ, ಗಾಳಿ ಹಿಂಡಿ ಮುಚ್ಚಿ. ಡಬ್ಬಿಯೊಳಗೆ ಎರಡು ಬಿಳಿ ಸೀಮೆಸುಣ್ಣದ ಕಡ್ಡಿ ಇಡಿ, ತೇವ ಹೀರಿಕೊಳ್ಳುತ್ತವೆ. ಬಿಲ್ಲನ್ನು ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿ, ಕಾಗದದ ಬಿಲ್ಲಿನ ಅಕ್ಷರ ಕೆಲವು ವರ್ಷದಲ್ಲಿ ಮಾಸಿಹೋಗುತ್ತದೆ. ಗಣೇಶ ಚೌತಿಗೆ ಡಬ್ಬಿ ತೆಗೆದಾಗ ಸೀಮೆಸುಣ್ಣ ಮೆತ್ತಗಾಗಿದ್ದರೆ ಹೊಸದು ಹಾಕಿ.